50 ಮೈಕ್ರೊಸೆಕೆಂಡಿನ ಜ್ಯೋತಿಷಿ

ಮೂರು ಭಾನುವಾರಗಳಿಂದ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಮೋಟಾರು ಕೂತಿದೆ. 48 ವೋಲ್ಟಿನದು, ತೆಂಗಿನಕಾಯಿಯಷ್ಟು ಗಾತ್ರ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದದ್ದು. ಮನೆಮಂದಿಯೆಲ್ಲ ತಟ್ಟೆ ಹಿಡಿದು ಸೋಫಾದಲ್ಲಿ ಉಣ್ಣುತ್ತಿದ್ದಾರೆ.

"ಪ್ರಿಡಿಕ್ಟಿವ್ ಕಂಟ್ರೋಲ್ ಬಹಳ ಸುಲಭ, ಮಾಡಿ ನೋಡು" ಅಂತ ಗೆಳೆಯನೊಬ್ಬ ಹೇಳಿದ್ದ. ಮುಂದೇನಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಮೋಟಾರು ಓಡಿಸೋದು. ಕೇಳೋಕೆ ಸುಲಭವೇ. ಮೋಟಾರಿಗೆ ಕರೆಂಟು ಕೊಡುವ ಇನ್ವರ್ಟರಿನಲ್ಲಿ ಆರು ಸ್ವಿಚ್ಚುಗಳು. ಅವನ್ನು ಜೋಡಿಸಿ ಹಾಕೋಕೆ ಇರುವುದು ಒಟ್ಟು 8 ಬಗೆ. ಪ್ರತಿ 50 ಮೈಕ್ರೊಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 20,000 ಸಲ, ಚಿಪ್ ಈ ಎಂಟನ್ನೂ ಲೆಕ್ಕ ಹಾಕಿ, ಇದನ್ನು ಹಾಕಿದರೆ ಕರೆಂಟು ಮುಂದೆ ಎಲ್ಲಿರುತ್ತದೆ ಅಂತ ಭವಿಷ್ಯ ನೋಡುತ್ತದೆ. ಬೇಕಾದ ಕರೆಂಟಿಗೆ ಯಾವುದು ಹತ್ತಿರವೋ ಅದನ್ನು ಆರಿಸುತ್ತದೆ. ಜ್ಯೋತಿಷಿಯೇ, ದಕ್ಷಿಣೆ ಕೇಳಲ್ಲ ಅಷ್ಟೇ.

ಕಷ್ಟ ಇರುವುದು ತೂಕದಲ್ಲಿ. ಕರೆಂಟು ಗುರಿಗೆ ಹತ್ತಿರ ಇರಬೇಕು, ಸ್ವಿಚ್ಚುಗಳು ಸುಮ್ನೆ ಪಟಪಟ ಬಡಿದುಕೊಂಡು ಬಿಸಿಯಾಗಲೂಬಾರದು. ಕರೆಂಟಿನ ಗುರಿಯ ಎದುರು ಸ್ವಿಚ್ಚಿನ ಬಡಿತಕ್ಕೆ ಎಷ್ಟು ಬೆಲೆ ಅಂತ ಒಂದು ಸಂಖ್ಯೆ ಕೊಡಬೇಕು. ಲ್ಯಾಂಬ್ಡಾ ಅಂತಾರೆ. ಅದು ಎಷ್ಟಿರಬೇಕು ಅಂತ ಕೇಳಿದರೆ, ಅಮ್ಮ ಉಪ್ಪಿನ ಅಳತೆ ಹೇಳಿದ ಹಾಗೇ ಎಲ್ಲರೂ ಹೇಳುತ್ತಾರೆ: "ನೋಡ್ಕೊಂಡು ಹಾಕು."

ನೋಡ್ಕೊಂಡು ಹಾಕಿದೆ. ಸೊನ್ನೆ ಇಟ್ಟರೆ ಸ್ವಿಚ್ಚುಗಳ ಬಿಸಿ ಎಳೆಯೋ ಲೋಹದ ಹೀಟ್‌ಸಿಂಕು ದೋಸೆ ಹಂಚಾಯಿತು. ಜಾಸ್ತಿ ಮಾಡಿದರೆ ಮೋಟಾರು ಗೊರಗೊರ ಅಂತ ಹಳೇ ಆಟೋದ ಹಾಗೆ ನಡುಗಿತು.

ಸದ್ದಿನ ವಿಷಯ ಹೇಳಲೇಬೇಕು. ಸ್ವಿಚ್ಚುಗಳನ್ನು ಒಂದೇ ತಾಳದಲ್ಲಿ ಬಡಿಯೋ ಮಾಮೂಲಿ ಪಿಡಬ್ಲ್ಯೂಎಂ ಡ್ರೈವು ಸೊಳ್ಳೆಯ ಹಾಗೆ ಒಂದೇ ಶ್ರುತಿಯಲ್ಲಿ ಹಾಡುತ್ತದೆ. ಇದರಲ್ಲಿ ಸ್ವಿಚ್ಚುಗಳಿಗೆ ಇಂಥದ್ದೇ ತಾಳ ಅಂತಿಲ್ಲ, ಮನಸ್ಸಿಗೆ ಬಂದಾಗ ಚಟಪಟ ಚರ್ ಅನ್ನುತ್ತದೆ. ಒಂದು ಮಧ್ಯಾಹ್ನ ಅಮ್ಮ ನಿದ್ದೆಗಣ್ಣಲ್ಲಿ ರೂಮಿನಿಂದ ಓಡಿಬಂದರು. "ಎಷ್ಟು ಹೊತ್ತಿಂದ ಸಾಸಿವೆ ಸಿಡೀತಾ ಇದೆ, ಯಾರಿಗೂ ಕಿವಿ ಕೇಳ್ಸಲ್ವಾ?" ಒಲೆ ನೋಡಿದರು, ಆರಿತ್ತು. ಆಮೇಲೆ ಮೇಜು ನೋಡಿದರು. ಆಮೇಲೆ ನನ್ನನ್ನು.

ಎರಡು ಭಾನುವಾರ ಲ್ಯಾಂಬ್ಡಾ ಜೊತೆ ಗುದ್ದಾಡಿದೆ. 0.1, 0.15, 0.12... ನೋಟ್‌ಬುಕ್ಕು ತುಂಬಿತು. 0.13ರಲ್ಲಿ ಪರವಾಗಿಲ್ಲ ಅನ್ನಿಸಿತು. ಬಹುಶಃ ಅಷ್ಟು ಹೊತ್ತಿಗೆ ಕಿವಿಯೇ ಒಗ್ಗಿಹೋಗಿತ್ತು.

ಅಷ್ಟರಲ್ಲಿ ನಮ್ಮ ಸಂಪಿನ ಮೋಟಾರು ಸುಟ್ಟಿತು. (ಮನೆಯಲ್ಲಿ ಎಲ್ಲರಿಗೂ ನನ್ನ ಮೇಲೇ ಅನುಮಾನ. ನಾನು ಅದನ್ನು ಮುಟ್ಟೇ ಇರಲಿಲ್ಲ.) ರಿವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯ ಅಣ್ಣ ಒಂದು ತ್ರೀಫೇಸ್ ಮೋಟಾರು ಮುಂದಿಟ್ಟುಕೊಂಡು, ಐಟಿಐ ಮುಗಿಸಿ ಬಂದ ಹುಡುಗನಿಗೆ ಮೀಟರ್ ಹಿಡಿಯೋದು ಕಲಿಸುತ್ತಿದ್ದ.

"ಎರಡು ವೈರಿಗೆ ಹಿಡಿದ್ಯಲ್ಲ, ಬಂದಿದ್ದು ಎಷ್ಟು ಕಾಯಿಲ್ದು? ಎರಡ್ದು. ಸ್ಟಾರ್ ಕನೆಕ್ಷನ್ ಕಣಪ್ಪ, ಮೂರು ಕಾಯಿಲ್ದೂ ಒಂದೊಂದು ತುದಿ ಒಳಗೆ ಸೇರಿರುತ್ತೆ. ಒಂದರದ್ದು ಬೇಕಂದ್ರೆ ಅರ್ಧ ಮಾಡ್ಕೋ."

ಕುಡಿಯುತ್ತಿದ್ದ ಟೀ ನನ್ನ ಗಂಟಲಲ್ಲೇ ನಿಂತಿತು. ನಾನೂ ಎರಡು ವೈರಿಗೆ ಇಂಡಕ್ಟೆನ್ಸ್ ಅಳೆಯೋ ಎಲ್‌ಸಿಆರ್ ಮೀಟರ್ ಹಿಡಿದು, ಬಂದ 2.4 ಮಿಲಿಹೆನ್ರಿಯನ್ನು ಹಾಗೇ ಕೋಡಿಗೆ ಹಾಕಿದ್ದೆ. ಒಂದು ಫೇಸಿಗೆ, ಅಂದರೆ ಒಂದು ಕಾಯಿಲಿಗೆ, ಇದ್ದದ್ದು 1.2. ಇಂಡಕ್ಟೆನ್ಸ್ ಅಂದರೆ ಕರೆಂಟಿನ ಸೋಮಾರಿತನ ಅಂದುಕೊಳ್ಳಿ. ಅದು ಎಷ್ಟಿದೆಯೋ ಅದರ ಎರಡರಷ್ಟು ಅಂತ ನಾನು ಚಾಡಿ ಹೇಳಿದ್ದೆ. ಹಾಗಾಗಿ ಈ ಹೆಜ್ಜೆಯಲ್ಲಿ ಕರೆಂಟು ಮುಕ್ಕಾಲು ಆಂಪಿಯರೂ ಏರಲ್ಲ ಅಂತ ಜ್ಯೋತಿಷಿ ಹೇಳುತ್ತಿದ್ದ, ಅದು ಒಂದೂಕಾಲು ದಾಟಿ ಜಿಗಿಯುತ್ತಿತ್ತು. ವಾಪಸ್ ಎಳೆಯೋಕೆ ಹೋದರೆ ಆ ಕಡೆ ಜಿಗಿತ. ಜಾತಕವೇ ತಪ್ಪು. ನಾನು ಎರಡು ಭಾನುವಾರ, ಉಪ್ಪು ಜಾಸ್ತಿಯಾದ ಸಾರಿಗೆ ಬೆಲ್ಲ ಹಾಕುತ್ತಾ ಕೂತಿದ್ದೆ.

"ಅಣ್ಣ, ಎಲ್ಲರೂ ಹೀಗೆ ಅರ್ಧ ಮಾಡ್ತಾರಾ?" ಅಂತ ಕೇಳಿದೆ, ಪೆದ್ದನ ಹಾಗೆ.

ಅವನು ಮೀಟರ್ ಕೆಳಗಿಟ್ಟ. "ಸಾರ್, ನೀವು ಇಂಜಿನಿಯರ್ ಅಲ್ವಾ?"

ಮನೆಗೆ ಬಂದು ಒಂದು ಸಾಲು ತಿದ್ದಿದೆ. ರೆಸಿಸ್ಟೆನ್ಸಿನದ್ದೂ ಅದೇ ಕಥೆ, ಹಾಗಾಗಿ ಎರಡು ಸಾಲು. ಕಷ್ಟಪಟ್ಟು ಹುಡುಕಿದ 0.13 ಈಗ ಯಾವ ಕೆಲಸಕ್ಕೂ ಬಾರದು, ಮತ್ತೆ ಮೊದಲಿಂದ ಶುರು. ಸದ್ದು ಪೂರ್ತಿ ಹೋಗಲಿಲ್ಲ, ಸಾಸಿವೆಯಿಂದ ಜೀರಿಗೆಗೆ ಇಳಿಯಿತು.

"ಸರಿಹೋಯ್ತೇನೋ ಅದು? ಹಾಗಾದ್ರೆ ಮೇಜು ಖಾಲಿ ಮಾಡು" ಅಂತ ಅಮ್ಮ ಅಡುಗೆಮನೆಯಿಂದ ಕೂಗಿದರು.

"ಇನ್ನೊಂದೇ ಭಾನುವಾರ, ಅಮ್ಮ" ಅನ್ನೋಣ ಅಂತ ತಿರುಗಿದೆ. ಅವರು ಆಗಲೇ ತಟ್ಟೆ ಹಿಡಿದು ಸೋಫಾ ಕಡೆ ಹೊರಟಿದ್ದರು.