ಚಿಕ್ಕಪ್ಪನ ಗ್ರೇಡು

ಸಕಲೇಶಪುರದ ಹತ್ತಿರ ತೋಟದಲ್ಲಿ ಆನೆ ಕಂಡು ಓಡಿದ ನಮ್ಮ ಚಿಕ್ಕಪ್ಪ ಚರಂಡಿಗೆ ಬಿದ್ದು ಸೊಂಟ ಮುರಿದುಕೊಂಡರು. ಹಾಸನದ ಆಸ್ಪತ್ರೆಯೊಂದಕ್ಕೆ ಸಾಗಿಸಿದೆವು. ಅಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರ ಹುಡುಗ ಕಂಪ್ಯೂಟರ್ ನೋಡಿ, "ಸೊಂಟಕ್ಕೆ ಪ್ಯಾಕೇಜ್ ಇದೆ ಅಣ್ಣ" ಅಂದ.

"ಶುಗರ್ 350 ಇದೆಯಲ್ಲಪ್ಪ, ಅದು ಇಳಿಯೋವರೆಗೂ ಆಪರೇಷನ್ ಇಲ್ಲ ಅಂತಾರೆ?"

"ಶುಗರ್ರು ಸೊಂಟದ ಪ್ಯಾಕೇಜಲ್ಲಿ ಬರಲ್ಲ."

ಆರು ದಿನ ಕಾದೆವು. ಚಿಕ್ಕಪ್ಪನ ಮೈತುಂಬ ಇದ್ದ ಸಕ್ಕರೆ ಬಿಲ್ಲಿನಲ್ಲಿ ಚಿಟಿಕೆಯಷ್ಟೂ ಇರಲಿಲ್ಲ. ಡಾಕ್ಟರು ಬೇರೆ "ಶುಗರ್ ಏನಲ್ಲ ಬಿಡಿ ಯಜಮಾನ್ರೇ" ಅನ್ನುತ್ತಿದ್ದರು.

ಇದಕ್ಕೂ ಮದ್ದಿದೆಯಂತೆ: ಡಿಆರ್‌ಜಿ, ಅಂದರೆ ಡಯಾಗ್ನೋಸಿಸ್ ರಿಲೇಟೆಡ್ ಗ್ರೂಪ್, ಆಸ್ಪತ್ರೆಗೆ ದುಡ್ಡು ಕೊಡುವ ಒಂದು ಲೆಕ್ಕ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, 1983ರಲ್ಲಿ ಅಲ್ಲಿನ ವೃದ್ಧರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಬಂದ ಪದ್ಧತಿ. ನಮ್ಮ ಕಡೆಯವರಿಗೆ ಹೇಳುವುದಾದರೆ, ಕ್ಯೂರಿಂಗ್ ವರ್ಕ್ಸ್‌ನ ಜರಡಿ. ಕಾಫಿ ಬೀಜ ಪೀಬರಿ, ಎ, ಬಿ, ಸಿ ಎಂದು ಬೀಳುವ ಹಾಗೆ ರೋಗಿಗಳೂ ರೋಗ, ಚಿಕಿತ್ಸೆ, ತೊಡಕು ನೋಡಿಕೊಂಡು ಗುಂಪುಗುಂಪಾಗಿ ಬೀಳುತ್ತಾರೆ. ಗುಂಪಿಗೊಂದು ರೇಟು; ತೊಡಕಿದ್ದರೆ ರೇಟು ಜಾಸ್ತಿ. ಮೂರು ದಿನ ಮಲಗಿದರೂ ಹತ್ತು ದಿನ ಮಲಗಿದರೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಬೇಗ ಎಬ್ಬಿಸಿ ಕಳಿಸಿದವನಿಗೇ ಲಾಭ.

ಒಂದೇ ಫಜೀತಿ: ಇಲ್ಲಿ ಮಾಲು ಮಾರುವವನ, ಅಂದರೆ ಆಸ್ಪತ್ರೆಯವನ ಕೈಯಲ್ಲೇ ಜರಡಿ. ನಮ್ಮ ತೋಟದ ಸಾಹುಕಾರರ ಕೈಗೆ ಜರಡಿ ಕೊಟ್ಟಿದ್ದರೆ ಭೂಮಿಯ ಮೇಲೆ ಬಿಟ್ಸ್ ಅನ್ನುವ ಒಡಕು ಬೀಜದ ಗ್ರೇಡೇ ಹುಟ್ಟುತ್ತಿರಲಿಲ್ಲ. ಇಂದು "ಏನಲ್ಲ" ಆಗಿರುವ ಶುಗರ್ ನಾಳೆ "ತೊಡಕು" ಆಗಿ ಬಡ್ತಿ ಪಡೆಯುತ್ತದೆ. ಅದರ ಹಿಂದೆಯೇ ಕಿಡ್ನಿ, ರಕ್ತಹೀನತೆ, ಅಜ್ಜನ ಕಾಲದ ದಮ್ಮು, ಎಲ್ಲ ಸಾಲುಗಟ್ಟಿ ಬರುತ್ತವೆ. ಅಮೆರಿಕದವರು ಈ ಕಸುಬಿಗೆ ಅಪ್‌ಕೋಡಿಂಗ್ ಅಂತ ಹೆಸರೂ ಇಟ್ಟಿದ್ದಾರೆ.

ರೋಗಕ್ಕೂ ಗಾಯಕ್ಕೂ ನಂಬರು ಕೊಡುವ ಅವರ ಕೋಡ್ ಪುಸ್ತಕದಲ್ಲಿ ಹಸು ಗುದ್ದಿದರೆ ಒಂದು ನಂಬರು, ಆಮೆ ಗುದ್ದಿದರೆ ಇನ್ನೊಂದು. (ಆಮೆ ಬಂದು ಗುದ್ದುವವರೆಗೂ ನಿಂತಿದ್ದ ಪುಣ್ಯಾತ್ಮನನ್ನು ನೋಡುವ ಆಸೆ ನನಗಿದೆ.) ಆನೆಗೆ ಸ್ವಂತ ನಂಬರಿಲ್ಲ, "ಇತರೆ ಸಸ್ತನಿ"ಗಳ ಜೊತೆ ಸೇರಿಸಿದ್ದಾರೆ. ಇದರಿಂದ ರೇಟೇನೂ ಏರುಪೇರಾಗುವುದಿಲ್ಲ. ಆದರೂ ಆಲೂರು, ಬೇಲೂರು, ಮೂಡಿಗೆರೆಯವರಿಗೆಲ್ಲ ಇದು ಅವಮಾನ.

2022ರಲ್ಲಿ ಕೇಂದ್ರದವರು ಡಿಆರ್‌ಜಿ ಪ್ರಯೋಗಕ್ಕೆ ಐದು ರಾಜ್ಯ ಆರಿಸಿದರು. ಕರ್ನಾಟಕ ಅದರಲ್ಲಿರಲಿಲ್ಲ. ನಮ್ಮ ಸರದಿ ಬರುವಷ್ಟರಲ್ಲಿ ಚಿಕ್ಕಪ್ಪ ಇನ್ನೊಂದು ಸೊಂಟವನ್ನೂ ಸಿದ್ಧಪಡಿಸಬಹುದು.

ಚಿಕ್ಕಪ್ಪ ಮನೆಗೆ ಬಂದವರೇ ಡಿಸ್ಚಾರ್ಜ್ ಚೀಟಿ ಓದಿಸಿದರು.

"ಲೋ, ಶುಗರ್ ಅಂತ ಬರ್ದಿಲ್ಲ, ಸರಿ. ಆನೆ ಅಂತಾನೂ ಇಲ್ವಲ್ಲೋ?"

"'ಬಿದ್ದದ್ದು' ಅಂತ ಇದೆ ಚಿಕ್ಕಪ್ಪ."

"ಅದಿನ್ನೂ ಕೆಳಗಿನ ತೋಟದಲ್ಲೇ ಐತಂತೆ. ಚೀಟಿ ಬರ್ದೋನ್ನ ಒಂದ್ಸಲ ಕರ್ಕೊಂಡ್ ಬಾ."