ಒಂಬತ್ತು ಸೂಜಿ, ಒಂದು ಬದನೆಕಾಯಿ

ನಮ್ಮ ಮೇಲಿನ ಮನೆಯವರು ಟೈಲ್ಸ್ ಬದಲಾಯಿಸುತ್ತಿದ್ದಾರೆ. ಇದು ಮೂರನೇ ವಾರ. ಬೆಳಿಗ್ಗೆ ಒಂಬತ್ತಕ್ಕೆ ಮಷಿನ್ ಕಿರ್ರ್ ಅಂತ ಶುರುವಾದರೆ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದೇ ಗೊತ್ತಾಗುವುದಿಲ್ಲ. ಹತ್ತರ ಹೊತ್ತಿಗೆ ನನ್ನ ಬಲಗಡೆ ಹಣೆಯೊಳಗೆ ಇನ್ನೊಂದು ಮಷಿನ್ ಶುರು.

ಡಾಕ್ಟರು ನೋಡಿ ಮೈಗ್ರೇನ್ ಅಂದರು, ಮಾತ್ರೆ ಕೊಟ್ಟರು. 1893ರಿಂದ ದೇಶದ ಹಣೆಗಳನ್ನೆಲ್ಲ ಕಾಯುತ್ತಾ ಬಂದಿರುವ ಅಮೃತಾಂಜನವನ್ನೂ ಹಚ್ಚಿದೆ. ಕಾಫಿ ಕುಡಿದೆ, ಕಾಫಿ ಬಿಟ್ಟೆ. ನಮ್ಮನೆಯವರು "ಮೊಬೈಲ್ ನೋಡೋದು ಕಮ್ಮಿ ಮಾಡು" ಅಂದರು, ಅವರ ಮೊಬೈಲಿನಿಂದ ತಲೆ ಎತ್ತದೆ.

ಕೊನೆಗೆ ಎದುರು ಮನೆ ಅಕ್ಕ ಅಕ್ಯುಪಂಕ್ಚರ್ ಅಂದರು. "ಚುಚ್ಚಿದ್ದೇ ಗೊತ್ತಾಗಲ್ಲ ಕಣ್ರೀ. ಕೂದಲಿನಷ್ಟು ಸಣ್ಣ ಸೂಜಿ." ಮಗಳು ಮಾತ್ರ ಲ್ಯಾಪ್‌ಟಾಪ್ ತೆರೆದು ಕೂತಳು. ಯಾವ ಚಿಕಿತ್ಸೆ ಎಷ್ಟು ಕೆಲಸ ಮಾಡುತ್ತೆ ಅಂತ ಜರಡಿ ಹಿಡಿಯುವ ಕಾಕ್ರೇನ್ ಅನ್ನುವ ಸಂಸ್ಥೆಯವರು 2016ರಲ್ಲಿ 22 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ನೋಡಿದ್ದಾರಂತೆ. ನಿಜವಾದ ಸೂಜಿ ಚುಚ್ಚಿಸಿಕೊಂಡ ನೂರು ಜನರಲ್ಲಿ 50 ಜನರಿಗೆ ಮೈಗ್ರೇನ್ ಬರುವುದು ಅರ್ಧಕ್ಕರ್ಧ ಕಮ್ಮಿಯಾಯಿತಂತೆ. ಸುಮ್ನೆ ಚುಚ್ಚಿದ ಹಾಗೆ ನಾಟಕ ಮಾಡಿದಾಗ 41 ಜನರಿಗೆ. "ನಾಟಕದ ಸೂಜಿಗೆ ರೇಟು ಕಮ್ಮಿ ಇರುತ್ತಾ ಕೇಳು" ಅಂದರು ನಮ್ಮನೆಯವರು.

ಬೇಕರಿಯ ಮೇಲೊಂದು ಸಣ್ಣ ಕ್ಲಿನಿಕ್. ಎರಡೇ ಮಂಚ, ಮಧ್ಯೆ ಹಸಿರು ಪರದೆ. ಆ ಕಡೆಯ ಮಂಚದ ಮೇಲೆ ಆಗಲೇ ಒಬ್ಬರು ಯಜಮಾನರು ಮಲಗಿದ್ದರು. ಭುಜ ಹಿಡಿದುಕೊಂಡಿತ್ತಂತೆ.

ಡಾಕ್ಟರಮ್ಮ ಒಳ್ಳೆಯವರು. ಮಾತಾಡುತ್ತಾ ಚುಚ್ಚುತ್ತಾರೆ. 1938ರಲ್ಲಿ ನಮ್ಮ ದೇಶದಿಂದ ಐದು ಜನ ಡಾಕ್ಟರು ಚೀನಾಕ್ಕೆ ಹೋಗಿದ್ದರು, ಅವರಲ್ಲಿ ಸೊಲ್ಲಾಪುರದ ಕೋಟ್ನಿಸ್ ಅಲ್ಲೇ ತೀರಿಕೊಂಡರು, ಜೊತೆಗಿದ್ದ ಡಾ. ಬಸು ಮುಂದೆ ಈ ವಿದ್ಯೆ ಕಲಿತು ಕಲ್ಕತ್ತೆಗೆ ತಂದರು ಅಂತ ಹೇಳಿದರು. ಸೊಲ್ಲಾಪುರ ಅಂದ್ರೆ ನನಗೆ ಚಾದರ ಮಾತ್ರ ಗೊತ್ತಿತ್ತು. "ಹೌದಾ!" ಅನ್ನುವಷ್ಟರಲ್ಲಿ ಹಣೆಗೆ ಮೂರು ಸೂಜಿ ಇಳಿದಿದ್ದವು. ಕಾಗೆ ತೋರಿಸಿ ಮಗುವಿಗೆ ತುತ್ತು ತುರುಕಿದ ಹಾಗೆ.

ಕಿವಿಗಳ ಮೇಲೆ ಎರಡು. "ಇದು ಪಿತ್ತಕೋಶದ ದಾರಿ" ಅಂದರು. ನಾನು ನಕ್ಕೆ. ತಲೆ ಹಿಡಿದುಕೊಂಡು ಕೂತರೆ ನಮ್ಮಜ್ಜಿ ಹೇಳುತ್ತಿದ್ದದ್ದೂ ಅದನ್ನೇ ಅಲ್ವಾ, ಪಿತ್ತ ನೆತ್ತಿಗೇರಿದೆ ಅಂತ. ಹೆಬ್ಬೆರಳು ತೋರುಬೆರಳ ನಡುವಿನ ಮೆತ್ತನೆ ಜಾಗಕ್ಕೆ ಒಂದೊಂದು ಬಿದ್ದಾಗ ಮಾತ್ರ ಕೈಯೆಲ್ಲ ಜುಂ ಅಂತು. ಗೊತ್ತಾಗಲ್ಲ ಅಂದಿದ್ದ ಅಕ್ಕನ ನೆನಪಾಯಿತು. ಪಾದಗಳಿಗೆ ಒಂದೊಂದು. ಒಟ್ಟು ಒಂಬತ್ತು.

"ಇಪ್ಪತ್ತೈದು ನಿಮಿಷ ಅಲ್ಲಾಡಬೇಡಿ. ಏನಾದ್ರೂ ಆದ್ರೆ ಈ ಬೆಲ್ ಒತ್ತಿ" ಅಂತ ಕೈ ಪಕ್ಕದಲ್ಲೊಂದು ಬೆಲ್ ಇಟ್ಟರು. ಸೂಜಿ ಚುಚ್ಚಿದ ಕೈ ಪಕ್ಕದಲ್ಲಿ! ಕೆಳಗೆ ಯಾರೋ "ಸ್ಕೂಟರ್ ತೆಗೀರೀ" ಅಂತ ಕೂಗಿದರು. "ಒಂದ್ನಿಮಿಷ" ಅಂತ ಡಾಕ್ಟರಮ್ಮ ಇಳಿದು ಹೋದರು.

ಮೌನ. ಬೇಕರಿಯಿಂದ ಬಿಸಿ ಬನ್ನಿನ ವಾಸನೆ. ಮಷಿನ್ ಇಲ್ಲ. ಕಣ್ಣು ಮುಚ್ಚಿದೆ.

"ನಮಸ್ಕಾರ ಫ್ರೆಂಡ್ಸ್! ಇಷ್ಟು ದಿನ ನೀವು ಬದನೆಕಾಯಿನ ತಪ್ಪಾಗಿ ಹೆಚ್ತಾ ಇದ್ರಿ!"

ಬೆಚ್ಚಿಬಿದ್ದೆ. ಅಂದರೆ ಒಳಗೊಳಗೇ, ಹೊರಗೆ ಅಲ್ಲಾಡುವ ಹಾಗಿರಲಿಲ್ಲ. ಪರದೆಯ ಆ ಕಡೆ ಯಜಮಾನರ ಎದೆಯ ಮೇಲಿದ್ದ ಫೋನು. ಅರ್ಧ ನಿಮಿಷದ ರೀಲ್ಸು. ತೊಟ್ಟು ಹಾಗೇ ಬಿಡಿ, ನಾಲ್ಕು ಸೀಳು ಮಾಡಿ, ಉಪ್ಪುನೀರಿಗೆ ಹಾಕಿ, ಒಂದು ಚಿಟಿಕೆ ಇಂಗು, ಅಷ್ಟೇ! ಮುಗಿಯಿತಲ್ಲ ಅಂದುಕೊಂಡೆ.

"ನಮಸ್ಕಾರ ಫ್ರೆಂಡ್ಸ್! ಇಷ್ಟು ದಿನ ನೀವು..."

ಮೂರನೇ ಸಲಕ್ಕೆ ನಾನು, "ಸರ್, ಸ್ವಲ್ಪ ಆಫ್ ಮಾಡ್ತೀರಾ?" ಅಂದೆ.

"ಹೇಗಮ್ಮಾ? ಎರಡೂ ಕೈಗೆ ಚುಚ್ಚಿ ಹೋಗಿದ್ದಾರೆ. ನಿಮಗೇನಾದ್ರೂ ಎಟಕುತ್ತಾ?"

"ನನಗೂ ಚುಚ್ಚಿದ್ದಾರೆ ಸರ್."

ಯಜಮಾನರು ಗಲ್ಲದಿಂದ ಫೋನು ತಳ್ಳಲು ನೋಡಿದರು. ವಾಲ್ಯೂಮ್ ಜಾಸ್ತಿಯಾಯಿತು. "ಏಯ್, ನಿಲ್ಸು!" ಅಂತ ಫೋನಿಗೇ ಗದರಿದರು. ಅದು ಎಲ್ಲಿ ಕೇಳುತ್ತದೆ? ನಾನು ಮೊಣಕೈಯಿಂದ ಬೆಲ್ ಒತ್ತಲು ಹೋದೆ. ಬೆಲ್ ಜಾರಿ ಮಂಚದ ಕೆಳಗೆ ಬಿತ್ತು. "ಡಾಕ್ಟ್ರೇ!" ಅಂತ ಇಬ್ಬರೂ ಒಟ್ಟಿಗೆ ಕೂಗಿದೆವು. ಕೆಳಗಿನ ಹಾರ್ನುಗಳ ನಡುವೆ ಅದು ಯಾರಿಗೂ ಕೇಳಿಸಲಿಲ್ಲ.

ಹತ್ತನೇ ಸಲಕ್ಕೆ ನನಗೆ ಸಿಟ್ಟು. ನಾನು ಮದುವೆಯಾಗಿ ಇಪ್ಪತ್ತಾರು ವರ್ಷದಿಂದ ಎಣ್ಣೆಗಾಯಿ ಮಾಡುತ್ತಿದ್ದೇನೆ. ಇವಳು ಯಾರು ನನ್ನ ಬದನೆಕಾಯಿಗೆ ಬುದ್ಧಿ ಹೇಳುವುದಕ್ಕೆ? ಇಪ್ಪತ್ತನೇ ಸಲಕ್ಕೆ ಸಿಟ್ಟು ಹೋಗಿ ಅನುಮಾನ ಬಂತು. ನಿಜಕ್ಕೂ ತಪ್ಪಾಗಿ ಹೆಚ್ಚುತ್ತಿದ್ದೆನಾ? ಇಪ್ಪತ್ತೈದರ ಹೊತ್ತಿಗೆ ಯಜಮಾನರು ಅವಳ ಜೊತೆಗೇ "ಒಂದು ಚಿಟಿಕೆ ಇಂಗು, ಅಷ್ಟೇ" ಅಂತ ಹೇಳತೊಡಗಿದ್ದರು. ಮೂವತ್ತರ ನಂತರ ನಾನೂ ಲೆಕ್ಕ ಬಿಟ್ಟೆ.

ಆ ಗದ್ದಲದಲ್ಲೇ, ಯಾಕೋ, ಅಮ್ಮನ ಹೆಬ್ಬೆರಳು ನೆನಪಾಯಿತು. ತಲೆನೋವು ಅಂದರೆ ಶುಂಠಿ ತೇದು ಪಟ್ಟು ಹಾಕಿ, ಹಳೇ ಸೀರೆಯ ತುಂಡನ್ನು ಬಿಗಿಯಾಗಿ ಕಟ್ಟಿ, ಕಣ್ಣಿನ ಪಕ್ಕ ಎರಡೂ ಕಡೆ ಒತ್ತುತ್ತಿದ್ದಳು. ಈಗ ಸೂಜಿ ನಿಂತಿದ್ದ ಜಾಗವೇ. ಅವಳಿಗೆ ಯಾವ ಚೀನಾದವರೂ ಹೇಳಿಕೊಟ್ಟಿರಲಿಲ್ಲ. ಒತ್ತುತ್ತಾ ಒತ್ತುತ್ತಾ ಅವಳೇ ತೂಕಡಿಸುತ್ತಿದ್ದಳು, ಬೆರಳು ಮಾತ್ರ ನಿಲ್ಲುತ್ತಿರಲಿಲ್ಲ.

ಡಾಕ್ಟರಮ್ಮ ಬಂದರು. ಸ್ಕೂಟರ್ ತೆಗೆಯಲು ಹೋದವರನ್ನು ಬೇಕರಿಯವರು ಭುಜನೋವು ಅಂತ ಹಿಡಿದುಕೊಂಡಿದ್ದರಂತೆ. "ಓ, ಪ್ರೋಗ್ರಾಂ ಹಾಕ್ಕೊಂಡಿದ್ದೀರಾ? ಒಳ್ಳೇದು, ಟೈಮ್ ಪಾಸ್ ಆಗುತ್ತೆ" ಅಂದರು. ಸೂಜಿ ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದರು. "ಹೇಗಿದೆ ನೋವು?"

ತಲೆ ಅಲ್ಲಾಡಿಸಿ ನೋಡಿದೆ. ನೋವು ಇರಲಿಲ್ಲ. ಸೂಜಿಯಿಂದ ಹೋಯಿತೋ, ಒಂದು ಗಂಟೆ ಮಷಿನ್ ಸದ್ದಿಲ್ಲದೆ ಹೋಯಿತೋ, ಅದೂ ಬದನೆಕಾಯಿಗೆ ಹೆದರಿ ಓಡಿತೋ, ಕಾಕ್ರೇನ್‌ನವರೇ ಹೇಳಬೇಕು.

"ಇನ್ನೂ ಏಳು ಸಲ ಬನ್ನಿ" ಅಂದರು. ಮನೆಗೆ ಬಂದರೆ ಮೆಟ್ಟಿಲಲ್ಲಿ ಮೇಲಿನ ಮನೆಯವರು ಸಿಕ್ಕಿದರು. ಹಾಲ್ ಮುಗಿಯಿತಂತೆ, ಇನ್ನು ಬಾತ್‌ರೂಮ್‌ಗಳು ಮಾತ್ರ. ಒಂದು ತಿಂಗಳು ಅಡ್ಜಸ್ಟ್ ಮಾಡ್ಕೊಳ್ಳಿ ಅಂದರು. ಅಲ್ಲೇ ನಿಂತು ಕ್ಲಿನಿಕ್ಕಿಗೆ ಫೋನ್ ಮಾಡಿ ಏಳೂ ದಿನ ಬುಕ್ ಮಾಡಿದೆ.

ರಾತ್ರಿ ಎಣ್ಣೆಗಾಯಿ. ಬದನೆಕಾಯಿಯನ್ನು ಉಪ್ಪುನೀರಿಗೆ ಹಾಕಿದೆ. ಯಾರಿಗೂ ಹೇಳಲಿಲ್ಲ. ನಮ್ಮನೆಯವರು ಎರಡು ರೊಟ್ಟಿ ಜಾಸ್ತಿ ತಿಂದು, "ಇವತ್ತೇನೋ ಬೇರೆ ಥರ ಇದೆ" ಅಂದರು.

"ಒಂದು ಚಿಟಿಕೆ ಇಂಗು, ಅಷ್ಟೇ" ಅಂದೆ.