ಬೈದದ್ದು ಬೀದಿಗೆ ಕೇಳಿಸಿತು, ಸಾರಿ ಕಿವಿಯಲ್ಲೇ ಮುಗಿಯಿತು

ಆವತ್ತು ನಮ್ಮಮ್ಮನ ಬ್ಯಾಗಿನಲ್ಲಿ ಏನೇನಿತ್ತು ಅಂತ ನನಗೆ ಇವತ್ತಿಗೂ ನೆನಪಿದೆ. ಬಿಪಿ ಮಾತ್ರೆ, ಮಡಚಿದ ಬಸ್ ಟಿಕೆಟ್, ಅರ್ಧ ಖಾಲಿಯಾದ ಚಕ್ಕುಲಿ ಪೊಟ್ಟಣ, ಚಿಲ್ಲರೆ ತುಂಬಿದ ಪರ್ಸು, ಬಣ್ಣ ಹೊಂದಿಸಿ ನೋಡೋಕೆ ತಂದಿದ್ದ ಒಂದು ಹಳೆಯ ರವಿಕೆ. ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ಇದನ್ನೆಲ್ಲ ಒಂದೊಂದಾಗಿ ತೆಗೆದು ಕೌಂಟರ್ ಮೇಲೆ ಹರಡಿದ್ದರು. ಮದುವೆ ಸೀಸನ್, ಅಂಗಡಿ ತುಂಬ ಜನ. ತೋರಿಸಿದ ಸೀರೆಗಳಲ್ಲಿ ಒಂದು ಕಮ್ಮಿ ಬಂದಿತ್ತು. ಅಮ್ಮ ಏನೂ ಕೊಳ್ಳದೆ ಹೊರಟಿದ್ದರು. ಅನುಮಾನ ಬರೋಕೆ ಅಷ್ಟು ಸಾಕಾಯಿತು.

ಐದೇ ನಿಮಿಷಕ್ಕೆ ಸೀರೆ ಸಿಕ್ಕಿತು, ಅವರದೇ ರಾಶಿಯ ಅಡಿಯಲ್ಲಿ. ಮ್ಯಾನೇಜರ್ ಹತ್ತಿರ ಬಂದು, ಬಗ್ಗಿ, ಪಕ್ಕದವರಿಗೂ ಕೇಳದ ಹಾಗೆ, "ಸಾರಿ ಅಮ್ಮ, ಮಿಸ್ಟೇಕ್ ಆಗೋಯ್ತು, ಟೀ ತರಿಸ್ಲಾ?" ಅಂದರು. "ಏ ಅಮ್ಮಾ, ನಿಲ್ಲಿ, ಬ್ಯಾಗ್ ತೋರ್ಸಿ" ಅಂತ ಬಾಗಿಲಲ್ಲಿ ಕೂಗಿದ್ದು ಮಾತ್ರ ರಸ್ತೆಗೆ ಕೇಳಿಸಿತ್ತು. ಆ ಎರಡು ದನಿಗಳ ನಡುವಿನ ವ್ಯತ್ಯಾಸ ಇದೆಯಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ.

ಮನೆಗೆ ಬಂದವನೇ ವಕೀಲ ಗೆಳೆಯನಿಗೆ ಫೋನ್ ಮಾಡಿದೆ. ಅವನ ಮೊದಲ ಪ್ರಶ್ನೆ, "ಬಿಲ್ ಇದ್ಯಾ?"

ಏನೂ ತಗೊಂಡಿಲ್ಲ ಮಾರಾಯ, ಬಿಲ್ ಎಲ್ಲಿಂದ ಬರಬೇಕು? ಬಿಲ್ ಇದ್ದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತಂತೆ. 5 ಲಕ್ಷದ ಒಳಗಿನ ಖರೀದಿಗೆ ಅಲ್ಲಿ ಫೀಸೂ ಇಲ್ಲ, ಮಾನಸಿಕ ಯಾತನೆಗೆ ಪರಿಹಾರ ಕೊಡಿಸುವುದು ಅಲ್ಲಿ ರೂಢಿ. ಆದರೆ ದುಡ್ಡು ಕೊಟ್ಟು ಕೊಂಡವರು ಮಾತ್ರ ಗ್ರಾಹಕರು. ಸರಿ, ಮಾನನಷ್ಟದ ದಾವೆ? "ಕಳ್ಳಿ ಅಂತ ಬಾಯಿಬಿಟ್ಟು ಅಂದ್ರಾ? ಇಲ್ವಲ್ಲ. ಸನ್ನೆಯಿಂದಲೂ ಮಾನ ಹೋಗುತ್ತೆ ಅಂತ ವಾದ ಮಾಡಬಹುದು, ಅವರು ಸುಮ್ನೆ ಚೆಕ್ ಮಾಡಿದ್ವಿ ಅಂತಾರೆ. ಕೋರ್ಟ್ ಫೀಸು ಕಟ್ಟಬೇಕು, ಹಾಕೋದಾದ್ರೆ ವರ್ಷದೊಳಗೇ ಹಾಕಬೇಕು." ನಾನು ಫೋನ್ ಇಟ್ಟೆ.

ಹತ್ತು ಜನರ ಮುಂದೆ ಮರ್ಯಾದೆ ತೆಗೆದದ್ದೇ ದಾವೆ ಹಾಕಲು ಕಾರಣ ಆಗಬೇಕು. ಜೊತೆಗೆ ಇನ್ನೊಂದು ಗಾಯ ತೋರಿಸು ಅಂತ ಕೇಳಬಾರದು. ಆಗಿನಿಂದ ನನ್ನ ಅಭಿಪ್ರಾಯ ಇದು.

ಅವಮಾನ ಮಾಡಿದವರು ಖಾಕಿ ಹಾಕಿದ್ದರೆ ಒಂದು ದಾರಿಯಾದರೂ ಇದೆ. 2021ರ ಆಗಸ್ಟ್‌ನಲ್ಲಿ ಕೇರಳದ ಅಟ್ಟಿಂಗಲ್ ಹತ್ತಿರ ಎಂಟು ವರ್ಷದ ಹುಡುಗಿ ಅಪ್ಪನ ಜೊತೆ ರಸ್ತೆ ಬದಿ ನಿಂತಿದ್ದಳು. ತುಂಬಾ ಅನ್ನೋ ಊರಿನ ಇಸ್ರೋ ಕೇಂದ್ರಕ್ಕೆ ಹೋಗುತ್ತಿದ್ದ ಭಾರಿ ಟ್ರೇಲರ್ ನೋಡೋಕೆ ಬಂದವರು ಅವರು. ಮಹಿಳಾ ಪೊಲೀಸ್ ಒಬ್ಬರು ಇಬ್ಬರ ಮೇಲೂ ಮೊಬೈಲ್ ಕದ್ದ ಆರೋಪ ಹೊರಿಸಿದರು. ಜನ ಸೇರಿದರು, ಮಗು ಅತ್ತಿತು. ಕೊನೆಗೆ ಮೊಬೈಲ್ ಸಿಕ್ಕಿದ್ದು ಪೊಲೀಸ್ ಕಾರಿನಲ್ಲಿದ್ದ ಅವರದೇ ಬ್ಯಾಗಿನಲ್ಲಿ. ಆ ಡಿಸೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಒಂದೂವರೆ ಲಕ್ಷ ಪರಿಹಾರ, 25 ಸಾವಿರ ಖರ್ಚು ಕೊಡಲು ಸರ್ಕಾರಕ್ಕೆ ಹೇಳಿತು.

ನಮ್ಮಲ್ಲೂ ಇದೆ. ಚಿಕ್ಕೋಡಿಯಲ್ಲಿ ಚೆಕ್ ಬೌನ್ಸ್ ಕೇಸಿನ ವಾರಂಟ್ ಹಿಡಿದು ಬಂದ ಪೊಲೀಸರು ಕಾನೂನು ಓದುತ್ತಿದ್ದ ಯುವಕನಿಗೆ ಬೇಡಿ ಹಾಕಿ ಜನರ ನಡುವೆ ನಡೆಸಿಕೊಂಡು ಹೋಗಿದ್ದರು. 2022ರ ಜೂನ್‌ನಲ್ಲಿ ಧಾರವಾಡ ಪೀಠದ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ 2 ಲಕ್ಷ ಪರಿಹಾರ ಕೊಡಿಸಿದರು. ಬಂಧಿಸುವ ಪೊಲೀಸರಿಗೆ ಬಾಡಿ ಕ್ಯಾಮೆರಾ ಕೊಡಿ ಅಂತಲೂ ಹೇಳಿದರು.

ಆದರೆ ಈ ಎರಡೂ ಕಡೆ ಎದುರಿಗಿದ್ದದ್ದು ಸರ್ಕಾರ. ಹೈಕೋರ್ಟ್‌ಗೆ ರಿಟ್, ಅಂದರೆ ಸರ್ಕಾರದ ವಿರುದ್ಧ ನೇರವಾಗಿ ಅರ್ಜಿ, ಹಾಕಬಹುದಿತ್ತು. ಸೀರೆ ಅಂಗಡಿ ಮೇಲೆ ಯಾವ ರಿಟ್ ಹಾಕೋಣ?

2024ರ ಜುಲೈನಲ್ಲಿ ಪಂಚೆ ಉಟ್ಟಿದ್ದಾರೆ ಅಂತ ರೈತರೊಬ್ಬರನ್ನು ಬೆಂಗಳೂರಿನ ಮಾಲ್ ಒಂದು ಬಾಗಿಲಲ್ಲೇ ತಡೆಯಿತು, ನೆನಪಿದೆ ಅಲ್ವಾ? ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲೇ ಹೇಳಿತು. ಸಂತೋಷ. ಆದರೆ ಅದೆಲ್ಲ ಆದದ್ದು ವಿಡಿಯೊ ಇತ್ತು, ಊರೆಲ್ಲ ಬೈಯಿತು ಅಂತ. ವಿಡಿಯೊ ಇಲ್ಲದವರು ಏನು ಮಾಡಬೇಕು?

"ಹಾಗಾದರೆ ಬೈದವರ ಮೇಲೆಲ್ಲ ಕೇಸಾ?" ಅಂತ ಕೇಳುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಮಾನನಷ್ಟದ ನೋಟಿಸ್ ಹಿಡಿದು ಪತ್ರಕರ್ತರ ಬಾಯಿ ಮುಚ್ಚಿಸುವ ರಾಜಕಾರಣಿಗಳನ್ನು ನೋಡಿದ್ದೇವೆ. ಅಂಥವರ ಕೈಗೆ ಇನ್ನೊಂದು ಕೋಲು ಕೊಡುವುದು ನನಗೂ ಬೇಡ. ಅದಕ್ಕೇ ಬೇಲಿ ಗಟ್ಟಿಯಾಗಿರಲಿ. ಕಾರ್ಟೂನು, ಟೀಕೆ, ಕಾಮೆಂಟ್ ಬಾಕ್ಸಿನ ಜಗಳ ಇದರೊಳಗೆ ಬರಬಾರದು. ಒಬ್ಬರ ಕೈಯಲ್ಲಿ ಬಾಗಿಲೋ ಕೌಂಟರೋ ಹಾಜರಿ ಪುಸ್ತಕವೋ ಇದ್ದು, ಇನ್ನೊಬ್ಬರು ಎದುರಾಡಲಾಗದೆ ನಿಂತಿದ್ದಾಗ, ಬದಿಗೆ ಕರೆದು ಕೇಳಬಹುದಾಗಿದ್ದನ್ನು ಬೇಕಂತಲೇ ಎಲ್ಲರ ಮುಂದೆ ಮಾಡಿದರೆ ಮಾತ್ರ. ಫೀಸು ಕಟ್ಟದ ಮಕ್ಕಳನ್ನು ಪ್ರಾರ್ಥನೆ ವೇಳೆ ಎದ್ದು ನಿಲ್ಲಿಸುವುದು ನನ್ನ ಲೆಕ್ಕದಲ್ಲಿ ಇದೇ. ಇದು ಕಾನೂನಿಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲಿ, ಜನರಿಗೆ ಕಾಣುವ ಜಾಗದಲ್ಲಿ ಬೇಕಂತಲೇ ಅವಮಾನಿಸುವುದೇ ಒಂದು ಅಪರಾಧ.

ನೋವಿಗೆ ಬೆಲೆ ಕಟ್ಟೋದು ಹೇಗೆ ಅಂತಲೂ ಕೇಳುತ್ತಾರೆ. 1897ರಲ್ಲೇ ಲಂಡನ್ನಿನ ಕೋರ್ಟ್ ಕಟ್ಟಿತ್ತು. ಪಬ್ ನಡೆಸುತ್ತಿದ್ದವನ ಹೆಂಡತಿಗೆ ಒಬ್ಬ ತಮಾಷೆಗೆ "ನಿನ್ನ ಗಂಡನಿಗೆ ಅಪಘಾತವಾಗಿ ಎರಡೂ ಕಾಲು ಮುರಿದಿದೆ" ಅಂತ ಸುಳ್ಳು ಹೇಳಿದ. ಆಕೆ ಆಘಾತದಿಂದ ಕಾಯಿಲೆ ಬಿದ್ದಳು. ಆಘಾತಕ್ಕೆ 100 ಪೌಂಡ್, ಗಂಡನನ್ನು ಕರೆತರಲು ಕಳಿಸಿದವರ ರೈಲು ಚಾರ್ಜಿಗೆ ಬೇರೆಯಾಗಿ ಒಂದು ಶಿಲಿಂಗ್ ಹತ್ತೂವರೆ ಪೆನ್ಸ್. ಚಿಲ್ಲರೆ ಬಿಡದೆ ಲೆಕ್ಕ ಹಾಕಿದ್ದರು!

ನನಗಂತೂ ದುಡ್ಡಿಗಿಂತ ಜಾಸ್ತಿ ಬೇಕಾಗಿದ್ದದ್ದು ಇನ್ನೊಂದು. ಅದೇ ಮ್ಯಾನೇಜರ್, ಅದೇ ಬಾಗಿಲಲ್ಲಿ, ಅಷ್ಟೇ ಜೋರಾಗಿ "ನಮ್ಮದೇ ತಪ್ಪು" ಅನ್ನಬೇಕಿತ್ತು. ಕೋರ್ಟು ಇಂಥದ್ದನ್ನೂ ಆದೇಶದಲ್ಲಿ ಬರೆಯುವಂತಾಗಲಿ.

ಕೇಸ್ ಹಾಕೋಣ ಅಂದಾಗ ಅಮ್ಮ ಏನಂದರು ಅನ್ನುವುದನ್ನೂ ಹೇಳಿಬಿಡುತ್ತೇನೆ. "ಅಲ್ಲಿ ಹೋಗಿ ಮತ್ತೆ ಹತ್ತು ಜನರ ಮುಂದೆ ಅದನ್ನೇ ಹೇಳ್ಬೇಕೇನೋ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಹೇಳಿಕೆ ತಗೊಳ್ಳಬಹುದು ಅಂತೇನೋ ತೊದಲಿದೆ.

ಅಮ್ಮ ಈಗಲೂ ಪೇಟೆಗೆ ಬರುತ್ತಾರೆ. ಬ್ಯಾಗನ್ನು ಬಾಗಿಲಲ್ಲೇ ನನ್ನ ಕೈಗೆ ಕೊಟ್ಟು ಒಳಗೆ ಹೋಗುತ್ತಾರೆ. ಏನೂ ಇಷ್ಟವಾಗದಿದ್ದರೂ ಒಂದು ಕರ್ಚೀಫಾದರೂ ಕೊಳ್ಳುತ್ತಾರೆ. ಬರುವಾಗ ಬಿಲ್ಲನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡಿರುತ್ತಾರೆ.